ಲಗ್ನಪತ್ರಿಕೆಯ ಕಾಣದ ಸಾಲು

ಮೂರು ಸಲ ಕರಡು ತೆಗೆದೆ. ಮೂರು ಸಲವೂ ಆ ಹೆಣ್ಣುಮಗಳ ಹೆಸರು ಬರಲಿಲ್ಲ. ಕಂಪ್ಯೂಟರಿನ ಒಳಗೆ ಹೆಸರು ಇದೆ, ಕಾಗದದ ಮೇಲೆ ಇಲ್ಲ. ಹೀಗೆ ಮಾಡಿದ ಪ್ಲಗಿನ್ನನ್ನು ಬೇರೆ ಯಾರಾದರೂ ಬರೆದಿದ್ದರೆ ಬಾಯಿಗೆ ಬಂದಂತೆ ಬೈದು ಹಗುರಾಗುತ್ತಿದ್ದೆ. ಬರೆದವಳು ನಾನೇ. ಆ ವಾರ ಹಿಡಿದ ಗೊಂದಲ ನನ್ನನ್ನು ಇನ್ನೂ ಪೂರಾ ಬಿಟ್ಟಿಲ್ಲ, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಶಿಗ್ಗಾಂವದ ಒಂದು ಅಚ್ಚಿನ ಅಂಗಡಿಯಲ್ಲಿ ಡಿಸೈನು ಮಾಡುವವಳು. ತವರು ಹಾನಗಲ್ಲು, ಗಂಡನ ಮನೆ ಸವಣೂರು. ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತೇನೆ, ಸಂಜೆ ಬಸ್ಸು ಹಿಡಿದು ಬರುತ್ತೇನೆ. ಲಗ್ನಪತ್ರಿಕೆ, ಮನೆ ಪ್ರವೇಶದ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು, ತೀರಿಕೊಂಡವರ ಫ್ಲೆಕ್ಸು ಎಲ್ಲವೂ ನನ್ನ ಟೇಬಲ್ಲಿನ ಮೇಲೆಯೇ ಆಗುತ್ತವೆ. ಒಂದೇ ಫೋಟೊವನ್ನು ಜನವರಿಯಲ್ಲಿ ಗುಲಾಬಿ ಹೂವಿನ ನಡುವೆ, ಜೂನಿನಲ್ಲಿ ದೀಪದ ನಡುವೆ ಇಟ್ಟಿದ್ದೂ ಉಂಟು. ಮೊದಮೊದಲು ಫೋಟೊದ ಮುಖ ನೋಡದೆ ಮಾಡುತ್ತಿದ್ದೆ, ಈಗ ಹೂ ತೆಗೆದು ದೀಪ ಇಡುವುದು ಎರಡು ನಿಮಿಷದ ಕೆಲಸ.

ಅಂಗಡಿಯ ಮಾಲೀಕರು ಸವಣೂರಿನ ಹಿರಿಯ ಮುಸಲ್ಮಾನರು. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತೇವೆ. ಅವರು ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಜೋಡಿಸುತ್ತಿದ್ದ ಕಾಲದಿಂದ ಈ ಕಸುಬಿನಲ್ಲಿದ್ದಾರೆ. ಆಗ ಒಂದು ಮನೆಯ ಲಗ್ನಪತ್ರಿಕೆ ಅಚ್ಚಾದ ಮೇಲೆ ಜೋಡಿಸಿದ ಅಕ್ಷರಗಳನ್ನು ಬಿಚ್ಚುತ್ತಿರಲಿಲ್ಲವಂತೆ. ಒಂದೊಂದು ಸಾಲಿಗೂ ದಾರ ಸುತ್ತಿ ಗಂಟು ಹಾಕಿ ಹಲಗೆಯ ಮೇಲೆ ಇಟ್ಟುಬಿಡುತ್ತಿದ್ದರಂತೆ. ಮಕ್ಕಳಿದ್ದ ಮನೆ ಎಂದ ಮೇಲೆ ಇನ್ನೊಂದು ಮದುವೆ ಬಂದೇ ಬರುತ್ತದೆ, ಆಗ ವಧೂವರರ ಹೆಸರು, ಮುಹೂರ್ತ ಬದಲಿಸಿದರೆ ಮುಗಿಯಿತು. ಸಾಹೇಬರಿಗೆ ಮಾಡಿದ್ದನ್ನು ಕೆಡವುವುದೆಂದರೆ ಆಗದು.

ಅದಕ್ಕೇ ನಾನು ಅವರಿಗೆ ಮೊದಲ ಸಲ ಲೇಯರು ತೋರಿಸಿದ ದಿನ ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತುಬಿಟ್ಟರು. ಚಿತ್ರ ತಿದ್ದುವ ತಂತ್ರಾಂಶದಲ್ಲಿ ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಹರವಿದ ಹಾಗೆ ಕೆಲಸ ನಡೆಯುತ್ತದೆ. ಒಂದು ಹಾಳೆಯಲ್ಲಿ ಹೂಬಳ್ಳಿ, ಒಂದರಲ್ಲಿ ಗಣಪತಿ, ಒಂದರಲ್ಲಿ ವಧುವಿನ ಹೆಸರು. ಈ ಹಾಳೆಗೆ ಲೇಯರು ಎಂದು ಹೆಸರು. ಪ್ರತಿ ಲೇಯರಿನ ಪಕ್ಕದಲ್ಲಿ ಒಂದು ಸಣ್ಣ ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿದರೆ ಕಣ್ಣು ಮುಚ್ಚಿ ಆ ಹಾಳೆ ಕಾಣದಾಗುತ್ತದೆ, ಅಳಿಯುವುದಿಲ್ಲ. ಮತ್ತೆ ಒತ್ತಿದರೆ ಮತ್ತೆ ಹಾಜರು. ಸಾಹೇಬರು ನಾಲ್ಕೈದು ಸಲ ತಾವೇ ಒತ್ತಿ ನೋಡಿದರು. ಅಂದಿನಿಂದ ಯಾವ ಹೆಸರನ್ನೂ ಅಳಿಸಬಾರದು, ಬೇಡವಾದರೆ ಕಣ್ಣು ಮುಚ್ಚಬೇಕು ಎಂಬುದು ಅಂಗಡಿಯ ಕಾನೂನಾಯಿತು.

ಈ ಕಾನೂನಿನಿಂದ ಒಂದೊಂದು ಮನೆಯ ಫೈಲೂ ಹಬ್ಬದ ಹೋಳಿಗೆ ಡಬ್ಬಿಯಂತೆ ಉಬ್ಬಿತು. ಕಾಕಾಂದಿರು, ಮಾಮಾಂದಿರು, ಸೋದರತ್ತೆಯರು, ಸಿಟ್ಟು ಮಾಡಿಕೊಂಡು ಮಾತು ಬಿಟ್ಟವರು, ಮತ್ತೆ ಒಂದಾದವರು, ಸತ್ತವರು ಎಲ್ಲರೂ ಕಣ್ಣು ಮುಚ್ಚಿಕೊಂಡೋ ತೆರೆದುಕೊಂಡೋ ಅದರೊಳಗೆ ಇದ್ದರು. ನಮ್ಮ ಕಡೆ ಕಾರ್ಡಿನ ಕೆಳಗೆ ಸುಖಾಗಮನ ಬಯಸುವವರು ಎಂದು ಐವತ್ತು ಅರವತ್ತು ಹೆಸರು ಇರಲೇಬೇಕು. ಒಂದು ಹೆಸರು ಬಿಟ್ಟರೆ, ಒಂದು ಹೆಸರು ಮೇಲಿನದು ಕೆಳಗಾದರೆ ಮದುವೆ ಮನೆಯಲ್ಲಿ ಊಟ ಬಿಟ್ಟು ಏಳುವವರಿದ್ದಾರೆ. ಇಷ್ಟು ಹೆಸರುಗಳನ್ನು ಒಂದೊಂದಾಗಿ ಬರೆದು, ಅಳತೆ ಕೊಟ್ಟು, ಸಾಲಾಗಿ ಕೂರಿಸುವಷ್ಟರಲ್ಲಿ ನನ್ನ ಸೊಂಟ ಮುರಿಯುತ್ತಿತ್ತು. ಹಾಗಾಗಿ ಪ್ಲಗಿನ್ನು ಬರೆದೆ.

ಪ್ಲಗಿನ್ನು ಎಂದರೆ ದೊಡ್ಡ ತಂತ್ರಾಂಶದ ಒಳಗೆ ಕೂತು ನಮ್ಮ ಪರವಾಗಿ ಕೆಲಸ ಮಾಡುವ ಸಣ್ಣ ಪ್ರೋಗ್ರಾಮು. ನಾನು ಓದಿದ್ದು ಬಿ.ಕಾಂ. ಪ್ರೋಗ್ರಾಮು ಕಲಿತದ್ದು ಸವಣೂರು ಶಿಗ್ಗಾಂವ ನಡುವಿನ ಬಸ್ಸಿನಲ್ಲಿ, ಮೊಬೈಲಿನ ವಿಡಿಯೊ ನೋಡಿ. ಆರು ತಿಂಗಳು ಒದ್ದಾಡಿದೆ. ಅಕ್ಷರದ ಲೇಯರು ಬಹಳ ಸೂಕ್ಷ್ಮ. ಹೂವಿನ ಲೇಯರನ್ನು ಎಳೆಯಿರಿ, ತಿರುಗಿಸಿ, ಏನೂ ಅನ್ನುವುದಿಲ್ಲ. ಅಕ್ಷರದ ಲೇಯರಿಗೆ ಒಂಚೂರು ಬಣ್ಣ ಬಳಿದರೆ ಸಾಕು, ಅದು ಅಕ್ಷರವೆಂಬುದನ್ನೇ ಮರೆತು ಬರೀ ಚಿತ್ರವಾಗಿಬಿಡುತ್ತದೆ. ಆಮೇಲೆ ತಪ್ಪಿದ್ದರೂ ತಿದ್ದಲು ಬರುವುದಿಲ್ಲ. ಅಕ್ಷರಕ್ಕೆ ಕೊಟ್ಟ ಚೌಕ ಚಿಕ್ಕದಾದರೆ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗುತ್ತದೆ. ಬಸ್ಸಿನಲ್ಲಿ ಕೂತು ಇವನ್ನೆಲ್ಲ ಯೋಚಿಸುತ್ತ ಎಷ್ಟೋ ಸಲ ನಾನು ಇಳಿಯುವ ಸ್ಟಾಪು ದಾಟಿ ಹೋಗಿದ್ದೇನೆ.

ಕಡೆಗೆ ಕೆಲಸ ಮಾಡಿತು. ಮನೆಯವರು ವಾಟ್ಸಾಪಿನಲ್ಲಿ ಹೆಸರಿನ ಪಟ್ಟಿ ಕಳಿಸಬೇಕು, ನಾನು ಅದನ್ನು ಓದದೆ ಹಾಗೇ ಎತ್ತಿ ಪ್ಲಗಿನ್ನಿನ ಬಾಯಿಗೆ ಹಾಕಬೇಕು. ಅದು ಸಾಲು ಸಾಲು ಓದಿ, ಒಂದೊಂದು ಹೆಸರಿಗೆ ಒಂದೊಂದು ಅಕ್ಷರದ ಲೇಯರು ಮಾಡಿ, ಹಿರಿಯರನ್ನು ಮೇಲೆ ಕಿರಿಯರನ್ನು ಕೆಳಗೆ ಕೂರಿಸಿ, ಅಚ್ಚಿಗೆ ಸಿದ್ಧ ಮಾಡಿ ಕೊಡುತ್ತದೆ. ಗಂಡ ಹೆಂಡತಿಯ ಹೆಸರು ಪಕ್ಕಪಕ್ಕ ಇರಬೇಕಲ್ಲ, ಅದಕ್ಕೆ ಪ್ರತಿ ಜೋಡಿಗೂ ಒಂದು ಗುಂಪು ಮಾಡಿ, ಎರಡು ಲೇಯರನ್ನೂ ಅದರೊಳಗೆ ಹಾಕುವಂತೆ ಬರೆದಿದ್ದೆ. ಚೀಲದೊಳಗೆ ಎರಡು ತೆಂಗಿನಕಾಯಿ ಇಟ್ಟ ಹಾಗೆ. ಚೀಲ ಎತ್ತಿದರೆ ಎರಡೂ ಬರುತ್ತವೆ. ಅರ್ಧ ದಿನದ ಕೆಲಸ ಐದು ನಿಮಿಷಕ್ಕೆ ಇಳಿಯಿತು. ಸಾಹೇಬರು ಒಂದು ಕಿಲೋ ಸವಣೂರು ಖಾರಾ ತರಿಸಿ ಚಹಾದ ಜೊತೆ ಅಂಗಡಿಗೆಲ್ಲ ಹಂಚಿದರು. ನಾನು ಆ ದಿನ ನೆಲದ ಮೇಲೆ ಇರಲಿಲ್ಲ.

ಇದಾಗಿ ಎರಡು ವರ್ಷದ ಮೇಲೆ ಬಂದದ್ದು ತೋಟದ ಅಕ್ಕನ ಮಗಳ ಮದುವೆ. ತೋಟದ ಅಕ್ಕ ಎಂದರೆ ಸವಣೂರಿನಲ್ಲಿ ನಮ್ಮ ಹಿಂದಿನ ಓಣಿಯ ಹೆಣ್ಣುಮಗಳು. ವೀಳ್ಯದ ಎಲೆತೋಟದಲ್ಲಿ ಎಲೆ ಕೊಯ್ದು, ಎಣಿಸಿ, ಕಟ್ಟು ಕಟ್ಟುವ ಕೆಲಸ. ಮಗಳು ಮೂರು ವರ್ಷದವಳಿದ್ದಾಗ ಗಂಡ ತೀರಿಕೊಂಡ. ಆ ಮಗಳೀಗ ಡಿಗ್ರಿ ಮುಗಿಸಿದ್ದಾಳೆ, ಹಿರೇಕೆರೂರು ತಾಲೂಕಿನ ಮಾಸೂರಿನ ಕಡೆ ಸಂಬಂಧ ಕೂಡಿದೆ. ಬೀಗರದು ಮದಗದ ಕೆರೆಯ ಕೆಳಗೆ ನೀರಾವರಿ ಹೊಲ. ಒಳ್ಳೆಯ ಮಂದಿ, ಆದರೆ ಹೆಸರಿನ ಪಟ್ಟಿಯನ್ನು ಬರೆದು ಕಳಿಸಿರಿ ಎಂದರೆ ಬಾಯಲ್ಲಿ ಹೇಳಿ ಹನ್ನೊಂದು ವಾಯ್ಸ್ ಮೆಸೇಜು ಕಳಿಸಿದರು, ಅದರಲ್ಲಿ ಎರಡರ ತುಂಬ ಎಮ್ಮೆಯ ಕೂಗು.

ಕಾರ್ಡು ಕೊಡುವ ಮಾತಾಡಲು ಅಕ್ಕ ಒಂದು ಸಂಜೆ ನಮ್ಮ ಮನೆಗೆ ಬಂದಳು. ಎಲೆಯ ಕರೆ ಹಿಡಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊಸ್ತಿಲ ಹತ್ತಿರವೇ ಕೂತಳು. ಬಣ್ಣ ಯಾವುದಿರಲಿ, ಗಣಪತಿ ಯಾವುದಿರಲಿ ಎಂದು ಕೇಳಿದೆ. ಅದೆಲ್ಲ ನಿನಗೆ ಬಿಟ್ಟದ್ದು ಎಂದಳು. ಪಟ್ಟಿಯನ್ನು ಹಾನಗಲ್ಲಿನ ಭಾವ, ಅಂದರೆ ಗಂಡನ ಅಣ್ಣ, ಕಳಿಸುತ್ತಾರೆ ಎಂದಳು. ಹೇಳುವುದೆಲ್ಲ ಮುಗಿಯಿತು ಎಂದುಕೊಂಡರೆ ಏಳಲೇ ಇಲ್ಲ.

"ಶಾಲಿ ದಾಖಲೆದಾಗ ಅವರಪ್ಪನ ಹೆಸರು, ಮಾರ್ಕ್ಸ್ ಕಾರ್ಡಿನ್ಯಾಗ ಅವರಪ್ಪನ ಹೆಸರು" ಎಂದಳು. "ಇರ್ಲಿ, ಅಪ್ಪ ಅಲ್ಲೇನು. ಆದ್ರ ಮಂದಿ ಮನಿಗೆ ಒಂದು ಕಾಗದ ನನ್ನ ಹೆಸರ್ಲೆ ಹೋಗ್ಬೇಕು ತಂಗಿ. ನನ್ನ ಮಗಳ ಮದವಿ ಐತಿ, ಬರ್ರಿ ಅಂತ ನಾ ಕರೀಬೇಕು."

ಅಷ್ಟೇ ಅವಳು ಕೇಳಿದ್ದು. ಇದೇನು ಮಹಾ ಎಂದು ಹೂಂ ಎಂದೆ. ಮುಂದಿನ ಶನಿವಾರ ಭಾವ ಬಂದು ಕಾರ್ಡಿನ ಕಟ್ಟುಗಳನ್ನು ಒಯ್ಯುವುದು ಎಂದು ಮಾತಾಯಿತು. ಅದರ ಮೇಲೆ ಮದುವೆಗೆ ಉಳಿಯುವುದು ಹನ್ನೆರಡು ದಿನ. ಹಾನಗಲ್ಲು, ಹಿರೇಕೆರೂರು ಎರಡೂ ಕಡೆ ಹಂಚಬೇಕು, ತಡ ಮಾಡುವಂತಿರಲಿಲ್ಲ.

ಸೋಮವಾರ ಮೊದಲ ಕರಡು ತೆಗೆದು ಸಂಜೆ ಅಕ್ಕನ ಮನೆಗೆ ಒಯ್ದೆ. ಅವಳು ಓದಿದ್ದು ಎರಡನೇ ಇಯತ್ತೆ. ಬೆರಳಿಟ್ಟುಕೊಂಡು ಸಾಲು ಸಾಲಾಗಿ ಕೆಳಗಿಳಿದಳು, ಮತ್ತೆ ಮೇಲಿನಿಂದ ಶುರು ಮಾಡಿದಳು. ಆಮೇಲೆ ಹಾಳೆಯನ್ನು ತಿರುಗಿಸಿ ಹಿಂದಿನ ಮಗ್ಗುಲು ನೋಡಿದಳು. ಹಿಂದೆ ಖಾಲಿ ಇತ್ತು. ಆಗ ನನಗೆ ಹೊಳೆಯಿತು. ಗಡಿಬಿಡಿಯಲ್ಲಿ ಬಿಟ್ಟುಹೋಗಿದೆ, ನಾಳೆ ಸರಿಮಾಡಿ ತರುತ್ತೇನೆ ಎಂದು ನಕ್ಕು ಹೇಳಿ ಬಂದೆ.

ಮಂಗಳವಾರ ಫೈಲು ತೆರೆದು ನೋಡಿದೆ. ಲೇಯರಿನ ಪಟ್ಟಿಯಲ್ಲಿ ಅಕ್ಕನ ಹೆಸರು ಇದೆ. ಅದರ ಕಣ್ಣೂ ತೆರೆದಿದೆ. ಪರದೆಯ ಮೇಲೆ ಮಾತ್ರ ಹೆಸರಿಲ್ಲ. ಅಕ್ಷರ ಬಿಳಿ ಬಣ್ಣಕ್ಕೆ ತಿರುಗಿರಬಹುದೆಂದು ನೋಡಿದೆ, ಕುಂಕುಮದ ಬಣ್ಣವೇ ಇತ್ತು. ಕಾರ್ಡಿನ ಅಂಚಿನಾಚೆ ಹೋಗಿ ಕೂತಿದೆಯೋ ಎಂದು ನೋಡಿದೆ, ಇರಬೇಕಾದ ಜಾಗದಲ್ಲೇ ಇತ್ತು. ಚೌಕ ಚಿಕ್ಕದಾಗಿದೆಯೋ ಎಂದು ದೊಡ್ಡದು ಮಾಡಿದೆ. ಪ್ಲಗಿನ್ನಿನಿಂದಲೇ ಕೇಳಿಸಿದೆ: ಈ ಲೇಯರು ಅಕ್ಷರದ್ದೇ? ಹೌದು. ಇದು ಕಾಣುವ ಲೇಯರೇ? ಹೌದು. ಹೌದು ಎನ್ನುತ್ತದೆ, ತೋರಿಸುವುದಿಲ್ಲ. ಎರಡನೇ ಕರಡಿನ ಹೊತ್ತಿಗೆ ಏನೋ ನಾಲ್ಕು ಕಡೆ ತಿದ್ದಿ ಈಗ ಬಂದೀತು ಎಂಬ ಧೈರ್ಯದ ಮೇಲೆ ಅಚ್ಚು ಹಾಕಿದೆ, ಬರಲಿಲ್ಲ. ಆದರೂ ಒಯ್ದೆ, ಬಣ್ಣವಾದರೂ ನೋಡಲಿ ಎಂದು. ಎಂಥ ದಡ್ಡತನ.

ಈ ಸಲ ಅಕ್ಕ ಹಾಳೆ ತಿರುಗಿಸಲಿಲ್ಲ. ಮಡಿಚಿ ನನ್ನ ಕೈಗೇ ಕೊಟ್ಟು, ಯಾರಾದರೂ ಬೇಡ ಎಂದರೇನು ಎಂದು ಮೆಲ್ಲಗೆ ಕೇಳಿದಳು. ಇಲ್ಲ ಅಕ್ಕಾ, ಕಂಪ್ಯೂಟರಿನ ತೊಂದರೆ ಎಂದೆ. ಅವಳು ಹೌದು ಹೌದು ಎಂದಳು, ಆದರೆ ನಂಬಲಿಲ್ಲ ಎಂಬುದು ಕಂಡಿತು. ನಾನಾಗಿದ್ದರೂ ನಂಬುತ್ತಿರಲಿಲ್ಲ. ಐವತ್ತೆಂಟು ಮಂದಿಯ ಹೆಸರು ಬರೆಯುವ ಕಂಪ್ಯೂಟರಿಗೆ ಒಬ್ಬಳ ಹೆಸರು ಮಾತ್ರ ಬರೆಯಲು ಬರುವುದಿಲ್ಲವೆಂದರೆ ಯಾರು ಒಪ್ಪುತ್ತಾರೆ? ದಾರಿಯುದ್ದಕ್ಕೂ ಹಾನಗಲ್ಲಿನ ಆ ಭಾವನನ್ನು ಮನಸ್ಸಿನಲ್ಲೇ ಬೈದೆ. ಅವನೇ ಏನೋ ಮಾಡಿ ಪಟ್ಟಿ ಕಳಿಸಿರಬೇಕು ಎನಿಸಿತ್ತು, ಆದರೆ ಏನು ಮಾಡಿದ್ದಾನೆ ಎಂದು ಹೇಳಲು ನನಗೇ ಬರುತ್ತಿರಲಿಲ್ಲ.

ಬುಧವಾರ ತಲೆ ಕೆಟ್ಟು ಕೆರ ಹಿಡಿದಿತ್ತು. ಸಾಕು ಈ ಪ್ಲಗಿನ್ನಿನ ಸಹವಾಸ ಎಂದು ಕೈಯಿಂದಲೇ ಹೊಸ ಅಕ್ಷರದ ಲೇಯರು ಮಾಡಿ ಅಕ್ಕನ ಹೆಸರು ಟೈಪಿಸಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಚಂದ ಕಂಡಿತು. ಸಾಲುಗಳ ಅಂತರ ಸರಿಮಾಡಲೆಂದು ಕಡೆಯದಾಗಿ ಪ್ಲಗಿನ್ನಿನ ಗುಂಡಿ ಒತ್ತಿದೆ, ಇದು ದಿನಾ ಮಾಡುವ ಕೆಲಸ, ಬೆರಳಿಗೆ ರೂಢಿಯಾಗಿದೆ. ಅಚ್ಚಿಗೆ ಹಾಕಿದೆ. ಹಾಳೆ ಹೊರಬಂದಾಗ ಮೇಲಿನ ಜಾಗ ಖಾಲಿ. ನನ್ನ ಕಣ್ಣೆದುರೇ ಬರೆದ ಹೆಸರು. ನಾನು ಎದ್ದು ಹೊರಗೆ ಹೋಗಿ ಹೈವೇ ಕಡೆ ಮುಖ ಮಾಡಿ ನಿಂತೆ. ಹುಬ್ಬಳ್ಳಿ ಕಡೆಯ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನಿಜ ಹೇಳುತ್ತೇನೆ, ಹೆದರಿಕೆಯಾಯಿತು.

ಸಾಹೇಬರು ಚಹಾ ಕಳಿಸಿ ಒಳಗೆ ಕರೆದರು. ಎಲ್ಲ ಹೇಳಿ ತಂತ್ರಾಂಶದ ಹೊಸ ಆವೃತ್ತಿಯೇ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರು ಚಾಳೀಸಿನ ಗಾಜು ಒರೆಸಿಕೊಳ್ಳುತ್ತ ನಕ್ಕರು. ನನಗೆ ನಗು ಬರಲಿಲ್ಲ. ಆ ಸಂಜೆ ಬರಿಗೈಯಲ್ಲಿ ಅಕ್ಕನ ಮನೆಗೆ ಹೋಗಿ ಇವತ್ತೂ ಆಗಲಿಲ್ಲ ಎಂದೆ.

ಅಕ್ಕ ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ನನ್ನನ್ನು ಕೂರಿಸಿ, ಚುರುಮುರಿ ಕಲಸಿ ಕೊಟ್ಟಳು. ಮಗಳು ಒಳಗೆ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು.

"ಇರ್ಲಿ ಬಿಡ ತಂಗಿ, ಹಂಗ ಹೋಗ್ಲಿ" ಎಂದಳು ಅಕ್ಕ, ಮಗಳಿಗೆ ಕೇಳದಷ್ಟು ಸಣ್ಣಗೆ. "ನನ್ನ ಹೆಸರಿನ ಸಲವಾಗಿ ಮದವಿ ಕೆಲಸಾ ನಿಂದ್ರೂದು ಬ್ಯಾಡ. ಕೇಳಿದ್ದ ತಪ್ಪಾತೇನೋ."

ತಪ್ಪಾತೇನೋ ಎಂದಳಲ್ಲ, ಅದು ನನಗೆ ತಡೆಯಲಾಗಲಿಲ್ಲ. ನನ್ನ ಮೇಲೆ, ಕಂಪ್ಯೂಟರಿನ ಮೇಲೆ, ಕಂಡರಿಯದ ಆ ಭಾವನ ಮೇಲೆ ಎಲ್ಲದರ ಮೇಲೂ ಸಿಟ್ಟು ಉಕ್ಕಿತು. ಚುರುಮುರಿ ಅರ್ಧ ಬಿಟ್ಟು ಎದ್ದು ಬಂದೆ.

ಗುರುವಾರ ಬೆಳಿಗ್ಗೆ ಮಾಡಿದ ಮೊದಲ ಕೆಲಸ, ಎರಡು ವರ್ಷದಲ್ಲಿ ಎಂದೂ ಮಾಡದಿದ್ದ ಕೆಲಸ: ಬಂದ ಪಟ್ಟಿಯನ್ನು ಕಣ್ಣಾರೆ ಓದಿದೆ. ಭಾವ ಕಳಿಸಿದ ಪಟ್ಟಿಯ ಮೊದಲನೇ ಸಾಲು ಹೀಗಿತ್ತು: ದಿವಂಗತ ಇಂಥವರು ಮತ್ತು ಶ್ರೀಮತಿ ಇಂಥವರು. ತಮ್ಮನ ಹೆಸರು, ತಮ್ಮನ ಹೆಂಡತಿಯ ಹೆಸರು. ತನ್ನ ಹೆಸರನ್ನು ಆತ ಮೂರನೇ ಸಾಲಿನಲ್ಲಿ ಬರೆದುಕೊಂಡಿದ್ದ. ಎರಡು ದಿನ ನಾನು ಬೈದದ್ದೆಲ್ಲ ಆ ಮನುಷ್ಯನಿಗೆ ಸುಮ್ಮನೆ ಬಡಿದಿತ್ತು. ಅಕ್ಕನನ್ನು ಅವನು ಎಲ್ಲರಿಗಿಂತ ಮೇಲೆಯೇ ಇಟ್ಟಿದ್ದ. ಹಾಗಾದರೆ ತೆಗೆದವರು ಯಾರು?

ಆಮೇಲೆ ನನ್ನದೇ ಪ್ಲಗಿನ್ನನ್ನು ಅಪರಿಚಿತರ ಪತ್ರ ಓದಿದ ಹಾಗೆ ಮೊದಲಿನಿಂದ ಓದಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಸಿಕ್ಕಿತು. ಎರಡೇ ಎರಡು ಸಾಲು. ಪಟ್ಟಿಯ ಒಂದು ಸಾಲಿನಲ್ಲಿ ದಿವಂಗತ ಎಂದು ಕಂಡರೆ ಆ ಗುಂಪಿನ ಕಣ್ಣು ಮುಚ್ಚು ಎಂದು ನಾನೇ ಬರೆದಿದ್ದೆ. ಸತ್ತವರು ಸುಖಾಗಮನ ಬಯಸುವಂತಿಲ್ಲವಲ್ಲ, ಅದಕ್ಕೆ. ಗುಂಪಿನ ಒಳಗೆ ಗಂಡನ ಹೆಸರಿತ್ತು, ಹೆಂಡತಿಯ ಹೆಸರೂ ಇತ್ತು. ಅಕ್ಕನ ಲೇಯರಿನ ಕಣ್ಣು ತೆರೆದೇ ಇತ್ತು, ಕೇಳಿದಾಗೆಲ್ಲ ಅದು ಹೌದು ಎಂದದ್ದು ಸುಳ್ಳಲ್ಲ. ಹೊರಗಿನ ಚೀಲದ ಬಾಯಿ ಮುಚ್ಚಿತ್ತು, ಅಷ್ಟೇ. ನಾನು ಕೈಯಿಂದ ಬರೆದ ಹೆಸರನ್ನೂ ಪ್ಲಗಿನ್ನು ಗುರುತು ಹಿಡಿದು, ಇವಳ ಜಾಗ ಇಲ್ಲಲ್ಲ, ಗಂಡನ ಪಕ್ಕ ಎಂದು ಒಯ್ದು ಅದೇ ಚೀಲದಲ್ಲಿ ಹಾಕಿತ್ತು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ್ದರು ಎಂಬ ಮಾತು ಕೇಳಿದ್ದೆ, ಮಾಡಿದ್ದೂ ಆಯಿತು.

ಆದರೆ ಇನ್ನೊಂದು ಅರ್ಥವಾಗಲಿಲ್ಲ. ಗಂಡನ ಲೇಯರಿನ ಕಣ್ಣೊಂದನ್ನೇ ಮುಚ್ಚು ಎಂದು ಬರೆಯಬಹುದಿತ್ತು. ಬರೆಯಲು ಅದೇ ಸುಲಭ. ಗುಂಪನ್ನೇ ಮುಚ್ಚಬೇಕೆಂದು ನನಗೆ ಯಾಕೆ ಅನಿಸಿತು? ಹಳೆಯ ಫೈಲುಗಳನ್ನು ತೆರೆದೆ. ಪ್ಲಗಿನ್ನು ಬರುವ ಮುಂಚಿನವು. ಅವುಗಳಲ್ಲಿ ಗಂಡ ಹೆಂಡತಿಯ ಹೆಸರು ಒಂದೇ ಲೇಯರಿನಲ್ಲಿ, ಒಂದೇ ಸಾಲಿನಲ್ಲಿ ಇದ್ದವು. ಗಂಡ ತೀರಿಕೊಂಡಾಗ ಆ ಲೇಯರಿನ ಕಣ್ಣು ಮುಚ್ಚಿದ್ದೇವೆ. ಹೆಂಡತಿಯನ್ನು ತೆಗೆಯಬೇಕು ಎಂದು ಯಾರೂ ಅಂದಿಲ್ಲ, ಯಾರೂ ತೆಗೆದಿಲ್ಲ. ಒಂದು ಗುಂಡಿ ಒತ್ತಿದ್ದೇವೆ. ಅದನ್ನೇ ನೋಡಿ ನೋಡಿ ನಾನು ಪ್ಲಗಿನ್ನಿಗೂ ಕಲಿಸಿದ್ದೆ.

ಸಾಹೇಬರನ್ನು ಕರೆದು ತೋರಿಸಿದೆ. ಅವರು ಗುಂಪಿನ ಕಣ್ಣನ್ನು ತಾವೇ ಒತ್ತಿ ನೋಡಿದರು. ಈ ಸಲ ಗಾದೆ ಹೇಳಲಿಲ್ಲ.

"ಸೀಸದ ಅಕ್ಷರ ಇದ್ದಾಗೂ ಹಂಗ ಮಾಡ್ತಿದ್ದೆ" ಎಂದರು. "ಗಂಡಾ ಹೆಂಡ್ತಿ ಒಂದ ದಾರದಾಗ ಇರ್ತಿದ್ರು. ಯಜಮಾನ ಹ್ವಾದಾ ಅಂದ್ರ ಗಂಟು ಎತ್ತಿ ಬಾಜೂಕ ಇಡ್ತಿದ್ದೆ. ಒಳಗ ಇನ್ನೊಬ್ರು ಅದಾರು ಅಂತ ನನಗ ಖಯಾಲ ಬರ್ಲಿಲ್ಲ ನೋಡವಾ."

ಎರಡು ಸಾಲು ತಿದ್ದಿದೆ. ಗುಂಡಿ ಒತ್ತಿದೆ. ಅಕ್ಕನ ಹೆಸರು ಎಲ್ಲಕ್ಕಿಂತ ಮೇಲೆ ಬಂದು ಕೂತಿತು, ಒತ್ತಕ್ಷರದ ಕಾಲು ಸಹ ಕತ್ತರಿಸದೆ. ಶುಕ್ರವಾರ ಅಚ್ಚಾಯಿತು. ಸಂಜೆ ಒಂದು ಕಾರ್ಡನ್ನು ಮಾತ್ರ ಒಯ್ದು ಅಕ್ಕನ ಕೈಗೆ ಕೊಟ್ಟೆ. ಬೆರಳು ಮೊದಲ ಸಾಲಿನ ಮೇಲೆಯೇ ನಿಂತಿತು, ಕೆಳಗೆ ಇಳಿಯಲಿಲ್ಲ. ನಿನ್ನ ಭಾವ ಬೇಡ ಅಂದಿರಲಿಲ್ಲ, ಪಟ್ಟಿಯಲ್ಲಿ ನಿನ್ನ ಹೆಸರನ್ನೇ ಮೊದಲು ಬರೆದಿದ್ದರು ಎಂದೆ. ಹಾಗಾದರೆ ಬೇಡ ಅಂದವರು ಯಾರು ಎಂದು ಕೇಳಿದಳು. ಯಾರೂ ಅಲ್ಲ ಎಂದೆ. ಇದನ್ನು ಅವಳು ಕಂಪ್ಯೂಟರಿನ ಕಥೆಗಿಂತಲೂ ಕಡಿಮೆ ನಂಬಿದಳು. ಆದರೆ ಅರಿಷಿಣ ಕಲಸಿ ಕಾರ್ಡಿನ ನಾಲ್ಕೂ ಮೂಲೆಗೆ ಹಚ್ಚಿ, ಮೊದಲ ಪತ್ರಿಕೆ ನಿನಗೇ ಎಂದು ನನಗೆ ತಿರುಗಿ ಕೊಟ್ಟಳು. ನಾನು ನಿಂತಲ್ಲೇ ಅತ್ತುಬಿಟ್ಟೆ. ಶನಿವಾರ ಭಾವ ಬಂದರು, ಕಾರ್ಡು ಓದಿ ಚಲೋ ಆಗ್ಯಾವ್ರಿ ಎಂದರು, ಕಟ್ಟು ಎತ್ತಿಕೊಂಡು ಹಾನಗಲ್ಲಿನ ಬಸ್ಸು ಹತ್ತಿದರು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಸುಖವಾಗಿರುತ್ತಿದ್ದೆ. ನನ್ನ ಸ್ವಭಾವ ಬಿಡಬೇಕಲ್ಲ. ಆ ಮಧ್ಯಾಹ್ನ ಅಂಗಡಿಯಲ್ಲಿ ಕೆಲಸ ಕಡಿಮೆಯಿತ್ತು. ಈ ಎರಡು ವರ್ಷದಲ್ಲಿ ಪ್ಲಗಿನ್ನು ಮಾಡಿದ ಎಲ್ಲ ಫೈಲುಗಳಲ್ಲಿ, ತನ್ನ ಕಣ್ಣು ತೆರೆದಿದ್ದೂ ಕಾಣದೆ ಉಳಿದ ಅಕ್ಷರದ ಲೇಯರುಗಳನ್ನು ಹುಡುಕಿ ಹೆಸರು ಬರೆ ಎಂದು ಒಂದು ಸಣ್ಣ ಪ್ರೋಗ್ರಾಮು ಬರೆದೆ. ನಾಲ್ಕೋ ಐದೋ ಸಿಕ್ಕಾವು ಎಂದುಕೊಂಡಿದ್ದೆ. ಹೆಸರುಗಳು ಬರುತ್ತಲೇ ಹೋದವು, ಪರದೆ ತುಂಬಿ ಮೇಲಕ್ಕೆ ಸರಿಯತೊಡಗಿದವು. ಎಲ್ಲವೂ ಶ್ರೀಮತಿ, ಶ್ರೀಮತಿ, ಶ್ರೀಮತಿ. ಬಂಕಾಪುರದ ಒಬ್ಬರು, ಹಿರೇಕೆರೂರಿನ ಇಬ್ಬರು ಅಕ್ಕತಂಗಿಯರು, ಒಂದು ಕಾಲಕ್ಕೆ ನನಗೆ ಪಾಠ ಹೇಳಿದ ಬಾಯಿಯವರು. ಅವರೆಲ್ಲ ಕಾರ್ಡು ನೋಡಿ ಏನೆಂದುಕೊಂಡಿರಬಹುದು ಎಂದು ಯೋಚಿಸುತ್ತ ಒಂದೊಂದಾಗಿ ಓದುತ್ತಿದ್ದೆ. ನಡುವೆ ಒಂದು ಹೆಸರಿನ ಹತ್ತಿರ ಕಣ್ಣು ನಿಂತಿತು. ಅದು ನಮ್ಮವ್ವನದು.

ಹೋದ ವರ್ಷ ನನ್ನ ತಮ್ಮನ ಮದುವೆಯಾಯಿತು, ಹಾನಗಲ್ಲಿನಲ್ಲಿ, ನಮ್ಮಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಕಾರ್ಡು ಮಾಡಿದವಳು ನಾನು. ಆ ಪಟ್ಟಿಯನ್ನು ಟೈಪಿಸಿದವಳೂ ನಾನೇ, ದಿವಂಗತ ಎಂದು ಮೊದಲ ಸಲ ಅಪ್ಪನ ಹೆಸರಿನ ಹಿಂದೆ ಬರೆದು ಬಸ್ಸಿನಲ್ಲೇ ಕಣ್ಣೊರೆಸಿಕೊಂಡದ್ದು ನೆನಪಿದೆ. ಕಾರ್ಡಿನ ಬಂಗಾರದ ಬಣ್ಣ ಸರಿ ಬರಲಿಲ್ಲವೆಂದು ನಾಲ್ಕು ಸಲ ಕರಡು ತೆಗೆದಿದ್ದೆ. ನಾಲ್ಕು ಸಲವೂ ಬಣ್ಣ ನೋಡಿದ್ದೆ.

ಮರುದಿನ ರವಿವಾರ ಹಾನಗಲ್ಲಿಗೆ ಹೋದೆ. ಅವ್ವ ಹಿಂದಿನ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಸುಳಿವಿಲ್ಲದೆ ಬಂದೆಯಲ್ಲ ಎಂದಳು. ಊಟದ ಮಾತು, ಮಕ್ಕಳ ಮಾತು ಆಯಿತು. ಹೇಗೆ ಶುರು ಮಾಡಬೇಕು ತಿಳಿಯದೆ ನೇರ ಕೇಳಿದೆ, ತಮ್ಮನ ಮದುವೆ ಕಾರ್ಡಿನಲ್ಲಿ ನಿನ್ನ ಹೆಸರಿರಲಿಲ್ಲ, ನೋಡಿದ್ದೆಯೇನು ಎಂದು.

"ನೋಡಿದ್ದೆ" ಎಂದಳು, ಅಕ್ಕಿಯಿಂದ ಕಣ್ಣೆತ್ತದೆ.

ಮತ್ತೆ ಯಾಕೆ ಹೇಳಲಿಲ್ಲ ಎಂದೆ. ನನ್ನ ದನಿ ಜೋರಾಗಿತ್ತು, ತಪ್ಪು ಅವಳದೇ ಎಂಬ ಹಾಗೆ.

"ಮಾಡಿದಾಕಿ ನೀ ಅಲ್ಲೇನು? ಶಾಣ್ಯಾಕಿ. ಅಪ್ಪ ಇಲ್ಲ, ಈಗ ಅವ್ವನ ಹೆಸರು ಹಾಕೂದು ಚಲೋ ಅಲ್ಲ ಅಂತ ವಿಚಾರ ಮಾಡಿ ತಗದಿರ್ತಿ ಅಂತ ತಿಳಕೊಂಡೆ. ಸುಮ್ಮನಾದೆ."

ಇಲ್ಲ ಅವ್ವಾ, ನಾನು ತೆಗೆದಿಲ್ಲ ಎಂದೆ. ಲೇಯರು, ಗುಂಪು, ಕಣ್ಣು ಎಂದು ಗಡಬಡಿಸಿ ಏನೇನೋ ಹೇಳಿದೆ. ನನಗೆ ಗೊತ್ತೇ ಆಗಿರಲಿಲ್ಲ, ನಿನ್ನೆ ಗೊತ್ತಾಯಿತು ಎಂದೆ. ಇದನ್ನು ಕೇಳಿದರೆ ಅವಳಿಗೆ ಸಮಾಧಾನವಾಗುತ್ತದೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ.

ಅವ್ವ ಮೊರ ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದಳು.

"ಹಂಗಾರ ನನ್ನ ವಿಚಾರನ ನಿನ್ನ ಮನಸಿನ್ಯಾಗ ಬರ್ಲಿಲ್ಲೇನು?" ಎಂದಳು.

ನಾನು ಮೊರ ತೆಗೆದುಕೊಂಡು ಕಲ್ಲು ಆರಿಸತೊಡಗಿದೆ.